ಚೀಟಿ ದೇಶದ್ದು, ಠಸ್ಸೆ ಊರಿನದು
(ವಿಜಯಪುರದಲ್ಲಿ ಅಂಚೆಚೀಟಿ ಆಸಕ್ತರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು.

ಮೊದಲು ಈ ಚೀಟಿ ನೋಡಿಬಿಡಿ. ನೋಡಿ ಹಿಂದಿನ ಸಾಲಿಗೆ ದಾಟಿಸಿ, ಪ್ಲಾಸ್ಟಿಕ್ ಕವರಿನಿಂದ ಮಾತ್ರ ಹೊರಗೆ ತೆಗೆಯಬೇಡಿ. ಹದಿನೈದು ಪೈಸೆಯ ಬಸವೇಶ್ವರ ಚೀಟಿ. ಬಸವಣ್ಣನವರು ಐಕ್ಯರಾಗಿ ಎಂಟುನೂರು ವರ್ಷವಾದ ನೆನಪಿಗೆ 1967ರ ಮೇ 11ರಂದು ಅಂಚೆ ಇಲಾಖೆ ಹೊರತಂದದ್ದು. ಮೂಲೆಯಲ್ಲಿ ಕಪ್ಪು ಮಸಿಯ ಅರ್ಧ ವೃತ್ತ ಕಾಣುತ್ತದಲ್ಲ, ಅದು ಅಂಚೆಮನೆಯವರು ಊರು, ತಾರೀಖು ಸಮೇತ ಚೀಟಿಯ ಮೇಲೆ ಒತ್ತುವ ಠಸ್ಸೆ. ಅದರಲ್ಲಿ ಇಂಗ್ಲಿಷಿನ ನಾಲ್ಕೇ ಅಕ್ಷರ ಉಳಿದಿವೆ: ಎನ್, ಜಿ, ಎ, ಎಂ. ಕೂಡಲಸಂಗಮದ ಕೊನೆಯ ತುಣುಕು.

ನಮ್ಮಜ್ಜ ಸಂಗಮನಾಥನ ದರ್ಶನಕ್ಕೆ ಹೋದವರು ಅಲ್ಲಿಂದಲೇ ಮನೆಗೆ ಒಂದು ಕಾಗದ ಹಾಕಿದ್ದರು. ಹತ್ತು ವರ್ಷದ ಹುಡುಗ ನಾನು. ಚೀಟಿಯ ಆಸೆಗೆ ಲಕೋಟೆಯ ಮೂಲೆ ಕತ್ತರಿಸಿದೆ, ತಟ್ಟೆಯ ನೀರಿನಲ್ಲಿ ನೆನೆಹಾಕಿದೆ, ಅಂಟು ಬಿಟ್ಟ ಮೇಲೆ ಒಣಗಿಸಿ ಆಲ್ಬಮ್ಮಿಗೆ ಹಚ್ಚಿದೆ. ಉಳಿದ ಲಕೋಟೆ ಒಲೆಗೆ ಹೋಯಿತು. ಅದರ ಜೊತೆ ತಾರೀಖು ಹೋಯಿತು, ಊರಿನ ಹೆಸರಿನ ಮುಕ್ಕಾಲು ಭಾಗ ಹೋಯಿತು, ಅಜ್ಜನ ಕೈಬರಹ ಹೋಯಿತು. ಇದೇ ಚೀಟಿ ಬೇರೆ ನೂರು ಸಿಗಬಹುದು, ಆ ಠಸ್ಸೆ ಸಿಗುವುದಿಲ್ಲ. ಇವತ್ತು ನಾನು ಇಲ್ಲಿ ನಿಂತಿರುವುದೇ ಈ ಮಾತು ಹೇಳಲು. ಚೀಟಿ ಇಡೀ ದೇಶದ್ದು, ಅಸ್ಸಾಮಿನಲ್ಲೂ ಅದೇ, ಅಥಣಿಯಲ್ಲೂ ಅದೇ. ಅದನ್ನು ಒಂದು ಊರಿಗೆ, ಒಂದು ದಿನಕ್ಕೆ ಕಟ್ಟಿಹಾಕುವುದು ಠಸ್ಸೆ.

ಧಾರ್ಮಿಕ ಪರಂಪರೆಯ ಚೀಟಿ ಕೂಡಿಸುವವರಿಗೆ ಇದು ಇನ್ನೂ ಮುಖ್ಯ. ನಮ್ಮ ಶರಣರು, ದಾಸರು, ಸೂಫಿಗಳು ಎಲ್ಲರೂ ನೆಲದ ಜೊತೆ ಬೆರೆತವರು. ಬಸವೇಶ್ವರ ಚೀಟಿಯ ಮೇಲೆ ಬಸವನ ಬಾಗೇವಾಡಿಯ ಠಸ್ಸೆ ಬಿದ್ದರೆ ಅದು ಹುಟ್ಟಿದೂರಿನ ಗುರುತು, ಕೂಡಲಸಂಗಮದ್ದು ಬಿದ್ದರೆ ಐಕ್ಯಸ್ಥಳದ ಗುರುತು. ಚೀಟಿ ಒಂದೇ, ಹೇಳುವ ಕಥೆ ಎರಡು.

ಈಗ ನಮ್ಮೂರಿನ ಚೀಟಿಗೆ ಬರೋಣ. ಸ್ವಾತಂತ್ರ್ಯ ಬಂದ ಎರಡೇ ವರ್ಷಕ್ಕೆ, 1949ರ ಆಗಸ್ಟ್ 15ರಂದು, ದಿನಬಳಕೆಗೆ 16 ಚೀಟಿಗಳ ಒಂದು ಮಾಲೆ ಬಂತು. ರಾಜನ ತಲೆಯಿದ್ದ ಜಾಗಕ್ಕೆ ನಮ್ಮ ಶಿಲ್ಪ, ಗುಡಿ, ಸ್ತೂಪ, ಗುಮ್ಮಟ ಬಂದವು. ಸಾಂಚಿಯ ತೋರಣ, ಬೋಧಗಯೆಯ ದೇವಾಲಯ, ಭುವನೇಶ್ವರದ ಗುಡಿ, ಅಮೃತಸರದ ಸ್ವರ್ಣಮಂದಿರ, ಪಾಲಿತಾಣಾದ ಜೈನ ಬಸದಿ. ಇವುಗಳ ಸಾಲಿನಲ್ಲಿ ಆರಾಣೆಯ ನೇರಳೆ ಚೀಟಿಯ ಮೇಲೆ ಕೂತದ್ದು ನಮ್ಮ ಗೋಳಗುಮ್ಮಟ, ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಇಲ್ಲಿಂದ ಒಂದು ಮೈಲಿಯೂ ಇಲ್ಲದ ಕಟ್ಟಡ ಆ ಆರಾಣೆ ಚೀಟಿ ಹಚ್ಚಿದ ಕಾಗದಗಳ ಮೇಲೆ ಎಲ್ಲೆಲ್ಲಿಗೆ ಹೋಗಿರಬೇಡ! ಅದನ್ನು ನೆನೆದಾಗೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಅದೇ ಮಾಲೆಯ, ಬೋಧಿಸತ್ವನ ಮೂರ್ತಿಯಿರುವ ಒಂದಾಣೆ ಚೀಟಿಯನ್ನು ಭೂತಗಾಜು ಹಿಡಿದು ನೋಡಬೇಕು. ಬೋಧಿಸತ್ವ ಚಾಚಿದ್ದು ಎಡಗೈ! ವರ ಕೊಡುವ ಭಂಗಿ, ಅಂದರೆ ವರದ ಮುದ್ರೆ, ಬಲಗೈಯದು. ಚಿತ್ರ ತಿರುಗುಮುರುಗಾಗಿ ಅಚ್ಚಾಗಿತ್ತು. 1950ರ ಜುಲೈನಲ್ಲಿ ಬಲಗೈ ಚಾಚಿದ ಸರಿಯಾದ ಚೀಟಿ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ಮಕ್ಕಳಿಗೆ ತೋರಿಸಿ, ಬೇರೆ ಪಾಠವೇ ಬೇಡ. ಪೂಜಿಸುವವರ ಕಣ್ಣಿಗೆ ಕೈ ಯಾವುದು ಎನ್ನುವುದು ಸಣ್ಣ ಮಾತಲ್ಲ.

ಠಸ್ಸೆಗಳಲ್ಲಿ ನಮ್ಮ ಜಿಲ್ಲೆಗಳ ಚರಿತ್ರೆಯೂ ಇದೆ. ಹಳೆಯವುಗಳಲ್ಲಿ ಬಿಜಾಪುರ, 2014ರ ನವೆಂಬರ್ 1ರಂದು ಊರು ವಿಜಯಪುರವಾಯಿತು. 1997ರವರೆಗೆ ಬಾಗಲಕೋಟೆ ಕೂಡ ಬಿಜಾಪುರ ಜಿಲ್ಲೆಯೇ. ನಾರಾಯಣಪುರ ಜಲಾಶಯದ ಹಿನ್ನೀರು ಏರುವಾಗ ಸಂಗಮದ ಐಕ್ಯಮಂಟಪ ಮುಳುಗದಂತೆ ಸುತ್ತಲೂ ಬಾವಿಯ ಹಾಗೆ ಗೋಡೆ ಎತ್ತಿ ಉಳಿಸಿಕೊಂಡರು. ಕೃಷ್ಣೆಯ ದಂಡೆಯ ಎಷ್ಟೋ ಊರಿಗೆ ಆ ಭಾಗ್ಯ ಇರಲಿಲ್ಲ. ಊರು ಎತ್ತರದ ಜಾಗಕ್ಕೆ ಹೋಯಿತು, ಹಳೆಯ ಅಗಸಿ, ಹಳೆಯ ಗುಡಿ ನೀರಿನೊಳಗೆ ಉಳಿದವು. ಆ ಅಗಸಿಯ ಪಕ್ಕದ ಅಂಚೆಮನೆಯಲ್ಲಿ ಹೊಡೆದ ಠಸ್ಸೆ ಮಾತ್ರ ಯಾರದೋ ಟ್ರಂಕಿನ ತಳದಲ್ಲಿ ಒಣಗಿಕೊಂಡೇ ಇದೆ.

ಹೊಸದಾಗಿ ಶುರು ಮಾಡುವವರಿಗೆ ಎರಡು ಮಾತು. ನಮ್ಮ ಪ್ರಧಾನ ಅಂಚೆ ಕಚೇರಿಯಲ್ಲಿ ಗೋಳಗುಮ್ಮಟದ ಚಿತ್ರವಿರುವ ಠಸ್ಸೆಯನ್ನು ಕೇಳಿ ಹಾಕಿಸಿಕೊಳ್ಳಿ. ಚಿತ್ರವಿಲ್ಲದ ಸಾದಾ ಗುಂಡು ಠಸ್ಸೆಯನ್ನೂ ಕಡೆಗಣಿಸಬೇಡಿ. ನನ್ನ ಮಟ್ಟಿಗೆ ಹಳ್ಳಿಯ ಅಂಚೆಮನೆಯ ಗುಂಡು ಠಸ್ಸೆಗೇ ಬೆಲೆ ಹೆಚ್ಚು. ಆಣೆಯ ಚೀಟಿಗಳು ಈಗ ಚಲಾವಣೆಯಲ್ಲಿಲ್ಲ, ಅವುಗಳ ಮೇಲೆ ಹೊಸ ಠಸ್ಸೆ ಕೇಳಬೇಡಿ. ಪೈಸೆಯ ಚೀಟಿಯಾದರೆ ಇಂದಿನ ದರಕ್ಕೆ ಕಡಿಮೆ ಬಿದ್ದಷ್ಟನ್ನು ಬೇರೆ ಚೀಟಿಯಿಂದ ತುಂಬಿಸಿ. ಲಕೋಟೆಯೊಳಗೆ ಒಂದು ರಟ್ಟು ಇಟ್ಟುಕೊಂಡು ಹೋಗಿ, ಠಸ್ಸೆ ಸಮನಾಗಿ ಕೂಡುತ್ತದೆ. ಮಸಿ ಒಣಗುವವರೆಗೆ ಮಡಚಬೇಡಿ. ಕೌಂಟರಿನವರಿಗೆ ಗದ್ದಲವಿಲ್ಲದ ಮಧ್ಯಾಹ್ನ ಹೋಗಿ, ಏಕೆ ಬೇಕೆಂದು ತಿಳಿಸಿ ಹೇಳಿ. ಬಹಳ ಮಂದಿ ಖುಷಿಯಿಂದ, ಎರಡು ಸಲ ರದ್ದಿ ಕಾಗದದ ಮೇಲೆ ಒತ್ತಿ ನೋಡಿ, ಆಮೇಲೆ ಹೊಡೆದುಕೊಡುತ್ತಾರೆ. ತಡ ಮಾಡಬೇಡಿ. ಕೌಂಟರಿನಲ್ಲಿ ಈಗ ಹೆಚ್ಚಿನದಕ್ಕೆ ಬಾರ್‌ಕೋಡಿನ ಪಟ್ಟಿ ಅಂಟುತ್ತದೆ, ಚೀಟಿಗೂ ಠಸ್ಸೆಗೂ ಕೆಲಸ ಕಡಿಮೆಯಾಗುತ್ತಿದೆ.

ಚಿತ್ರಕಾರ್ಡ್ ಮಾಡುವ ಆಸೆಯಿದ್ದವರು ಇಷ್ಟು ನೆನಪಿಡಿ. ಐಕ್ಯಮಂಟಪದ ಚಿತ್ರವಿರುವ ಕಾರ್ಡು, ಚಿತ್ರದ ಬದಿಯಲ್ಲೇ ಬಸವೇಶ್ವರ ಚೀಟಿ, ಅದರ ಮೇಲೆ ಸಂಗಮದ ಠಸ್ಸೆ. ಮೂರೂ ಒಂದನ್ನೇ ಹೇಳಬೇಕು. ಮ್ಯಾಕ್ಸಿಮಮ್ ಕಾರ್ಡ್ ಅನ್ನುವುದು ಇದನ್ನೇ.

ಇನ್ನು ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಹಿರಿಯರ ಪೆಟ್ಟಿಗೆಯಲ್ಲಿ 1967ರ ಆಚೀಚೆಗೆ ಕೂಡಲಸಂಗಮದಿಂದ ಬಂದ ಯಾವುದಾದರೂ ಲಕೋಟೆ, ಕಾರ್ಡು ಇದ್ದರೆ ಕತ್ತರಿಸದೆ, ನೆನೆಹಾಕದೆ, ಇದ್ದ ಹಾಗೆ ಒಮ್ಮೆ ತಂದು ತೋರಿಸಿ. ಕೊಡುವುದು ಬೇಡ. ಆ ಠಸ್ಸೆಯ ಪೂರ್ತಿ ವೃತ್ತ ಹೇಗಿತ್ತೆಂದು ನನಗೊಮ್ಮೆ ಕಣ್ಣಾರೆ ನೋಡಬೇಕಾಗಿದೆ.