ಮೂರು ನಿಮಿಷದ ಪ್ಲೇಟಿನಲ್ಲಿ ಹದಿನೇಳು ಮಂದಿ

ಕೇಳುಗರಿಗೆ ನಮಸ್ಕಾರ.

ಎರಡನೇ ಮಹಾಯುದ್ಧದ ಸಂಗೀತ ಎಂದರೆ ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಇವತ್ತಿಗೂ ಥಟ್ಟನೆ ಬಾಯಿಗೆ ಬರುವ ಹೆಸರು ಅಮೆರಿಕದ ಬಿಗ್ ಬ್ಯಾಂಡ್ ನಾಯಕ ಗ್ಲೆನ್ ಮಿಲ್ಲರ್. ಆತನ 'ಮೂನ್‌ಲೈಟ್ ಸೆರೆನೇಡ್', 'ಇನ್ ದ ಮೂಡ್' ಎಂಬ ಎರಡು ಕೃತಿಗಳನ್ನು ಕೇಳಿದರೆ ಸಾಕು, ಸಮವಸ್ತ್ರದ ಹುಡುಗರು, ರೈಲು ನಿಲ್ದಾಣದ ಬೀಳ್ಕೊಡುಗೆ, ದೀಪ ಮಂಕಾದ ಊರು ಎಲ್ಲವೂ ಕಣ್ಣ ಮುಂದೆ ಬರುತ್ತವೆ. ಆದರೆ ಇವು ಧ್ವನಿಮುದ್ರಣವಾದ ದಿನಾಂಕ ನೋಡಿ. ಮೊದಲನೆಯದು 1939ರ ಏಪ್ರಿಲ್ 4, ಎರಡನೆಯದು ಅದೇ ವರ್ಷದ ಆಗಸ್ಟ್ 1. ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿದ್ದು ಸೆಪ್ಟೆಂಬರ್ 1ಕ್ಕೆ. ಅಮೆರಿಕ ಯುದ್ಧಕ್ಕಿಳಿದದ್ದಂತೂ 1941ರ ಡಿಸೆಂಬರಿನಲ್ಲಿ. ಯುದ್ಧದ ಹಾಡುಗಳೆಂದು ಜನ ಎದೆಗಪ್ಪಿಕೊಂಡದ್ದರಲ್ಲಿ ಬಹಳಷ್ಟು ಯುದ್ಧಕ್ಕೆ ಮುಂಚಿನ ಸರಕು. ಅದಕ್ಕೆ ಭಾವನೆಯ ಕಾರಣವಷ್ಟೇ ಅಲ್ಲ, ಅರಗಿನ ಕಾರಣವೂ ಒಂದಿದೆ. ಮೊದಲು ಆ ನಾದವನ್ನೇ ಬಿಚ್ಚಿ ನೋಡೋಣ.

ಬಿಗ್ ಬ್ಯಾಂಡ್ ಎಂದರೆ ರೂಢಿಯಲ್ಲಿ ಹದಿನಾರು, ಹದಿನೇಳು ಮಂದಿ. 4 ಟ್ರಂಪೆಟ್, 4 ಟ್ರೊಂಬೋನ್, 5 ಸ್ಯಾಕ್ಸೋಫೋನ್. ಲಯಕ್ಕೆ ಪಿಯಾನೊ, ಗಿಟಾರ್, ದೊಡ್ಡ ಬಾಸ್, ಡ್ರಮ್ಸ್. ಈ ಗುಂಪುಗಳು ಒಂದಕ್ಕೊಂದು ಪ್ರಶ್ನೆ ಹಾಕಿ ಉತ್ತರ ಕೊಡುವಂತೆ ಬರೆಯುವ ಕ್ರಮವನ್ನು 1920ರ ದಶಕದಲ್ಲಿ ರೂಪಿಸಿದವರಲ್ಲಿ ಮುಖ್ಯರು ಡಾನ್ ರೆಡ್‌ಮನ್ ಮತ್ತು ಫ್ಲೆಚರ್ ಹೆಂಡರ್ಸನ್. ಇಬ್ಬರೂ ಕರಿಯ ಸಂಗೀತಗಾರರು. ಬ್ಯಾಂಡ್ ನಾಯಕ ಬೆನ್ನಿ ಗುಡ್‌ಮನ್ 1935ರಲ್ಲಿ ದೇಶವನ್ನೇ ಕುಣಿಸಿದ್ದು ಹೆಂಡರ್ಸನ್ ಬರೆದುಕೊಟ್ಟ ಹಾಳೆಗಳನ್ನು ಮುಂದಿಟ್ಟುಕೊಂಡು. ಹಳೆಯ ನೆನಪಿನ ಕಾರ್ಯಕ್ರಮಗಳಲ್ಲಿ ಈ ಮಾತು ಜಾರಿಹೋಗುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಹೋಟೆಲಿನ ಬಾಗಿಲು ತೆರೆಯುವುದಿಲ್ಲವೆಂದು ಡ್ಯೂಕ್ ಎಲಿಂಗ್ಟನ್ ತನ್ನ ತಂಡಕ್ಕೆ ರೈಲಿನ ಬೋಗಿಗಳನ್ನೇ ಬಾಡಿಗೆಗೆ ಹಿಡಿದು, ಅದರಲ್ಲೇ ಮಲಗಿ ಎದ್ದು ಪ್ರವಾಸ ಮಾಡಿದ್ದೂ ಇದೇ ಕಾಲದಲ್ಲಿ.

ಈ ಬ್ಯಾಂಡುಗಳ ನಡೆಯಲ್ಲಿ ಕೇಳುವ, ಸ್ವಿಂಗ್ ಎಂಬ ತೂಗಾಟ ಎಲ್ಲಿಂದ ಬರುತ್ತದೆ? ಹಾಳೆಯ ಮೇಲೆ ಒಂದು ಅಕ್ಷರಕಾಲಕ್ಕೆ ಎರಡು ಸಮ ಸ್ವರಗಳನ್ನು ಬರೆದಿರುತ್ತಾರೆ. ನುಡಿಸುವವರು ಹಾಗೆ ನುಡಿಸುವುದಿಲ್ಲ. ನಮ್ಮ ತಿಶ್ರ ನಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ತಕಿಟ, ತಕಿಟ ಎಂದು ಹೇಳಿಕೊಳ್ಳಿ. ಮೊದಲ ಸ್ವರಕ್ಕೆ 'ತಕಿ'ಯಷ್ಟು ಕಾಲ, ಎರಡನೆಯದಕ್ಕೆ 'ಟ'ದಷ್ಟು ಮಾತ್ರ. ಇದು ಹತ್ತಿರದ ಲೆಕ್ಕ, ಅಷ್ಟೆ. ಕಾಲ ನಿಧಾನವಾದಷ್ಟೂ ಪೂರ್ಣ ತಿಶ್ರಕ್ಕೆ ವಾಲುತ್ತದೆ. ವೇಗ ಏರಿದಂತೆ ಎರಡು ಸ್ವರಗಳೂ ಸಮಕ್ಕೆ ಸಮ ಆಗುತ್ತ ಬರುತ್ತವೆ. ಕಾಲ ಏರಿದಾಗಲೂ ಕಟ್ಟುನಿಟ್ಟಾಗಿ ತಿಶ್ರವನ್ನೇ ಹಿಡಿದರೆ ನಡೆ ಕುಂಟುತ್ತದೆ. ಹೊಸ ತಂಡಗಳು ಎಡವುವುದು ಮೊದಲು ಇಲ್ಲೇ. ಒಬ್ಬನ ವಾಲು ಒಂದು ಥರ, ಪಕ್ಕದವನದು ಇನ್ನೊಂದು ಥರ ಆದರೆ ಐದು ಸ್ಯಾಕ್ಸುಗಳು ಐದು ಸ್ಯಾಕ್ಸುಗಳಾಗಿಯೇ ಉಳಿಯುತ್ತವೆ.

ಇದರ ಕೆಳಗೆ ನಾಲ್ಕು ಪೆಟ್ಟು. ಬಾಸ್ ನಾಲ್ಕಕ್ಕೂ ಮೀಟುತ್ತದೆ, ಗಿಟಾರ್ ನಾಲ್ಕಕ್ಕೂ ಗೀರುತ್ತದೆ. ಡ್ರಮ್ಮಿನವನ ಎಡಗಾಲಿನ ಜೋಡಿ ತಾಳ, ಅಂದರೆ ಹೈ-ಹ್ಯಾಟ್, ಮುಚ್ಚುವುದು 2 ಮತ್ತು 4ನೇ ಪೆಟ್ಟಿಗೆ. ಸಮಕ್ಕೆ ಒತ್ತು ಕೊಟ್ಟು ಪಳಗಿದ ನಮ್ಮ ಕೈ ಇಲ್ಲಿ ತಪ್ಪಾಗಿ ಚಪ್ಪಾಳೆ ಹಾಕುತ್ತದೆ! ಬಲಗಾಲಿನ ದೊಡ್ಡ ಡ್ರಮ್ಮನ್ನೂ ನಾಲ್ಕು ಪೆಟ್ಟಿಗೂ ಬಾರಿಸುತ್ತಾರೆ, ಆದರೆ ಸವರಿದಂತೆ; ಅದು ಕಿವಿಗೆ ಬೀಳಬಾರದು, ತೆಗೆದಾಗ ಮಾತ್ರ ಏನೋ ಖಾಲಿಯಾಯಿತು ಅನ್ನಿಸಬೇಕು. ಕೌಂಟ್ ಬೇಸಿಯ ತಂಡದಲ್ಲಿ ದಶಕಗಳ ಕಾಲ ಗಿಟಾರ್ ಹಿಡಿದ ಫ್ರೆಡ್ಡಿ ಗ್ರೀನ್ ಆಂಪ್ಲಿಫೈಯರನ್ನು ಹತ್ತಿರ ಸೇರಿಸಲಿಲ್ಲ. ತಂತಿಗಳನ್ನು ಹಲಗೆಯಿಂದ ಸಾಕಷ್ಟು ಎತ್ತರಕ್ಕೆ ಕಟ್ಟಿ, ಒಂದೆರಡು ತಂತಿ ಮಾತ್ರ ಸ್ಪಷ್ಟವಾಗಿ ನುಡಿಯುವಂತೆ ಒತ್ತಿ ಹಿಡಿದು ಗೀರುತ್ತಿದ್ದ. ಅದು ಸ್ವರಕ್ಕಿಂತ ಹೆಚ್ಚಾಗಿ ಪೆಟ್ಟು.

ಈಗ ಮಿಲ್ಲರನ ಗುಟ್ಟಿಗೆ ಬರೋಣ. ಬೇರೆ ತಂಡಗಳಲ್ಲಿ ಸ್ಯಾಕ್ಸ್ ಸಾಲಿನ ಮುಂದಾಳು ಆಲ್ಟೊ, ನಮ್ಮ ಕದ್ರಿ ಗೋಪಾಲನಾಥರ ವಾದ್ಯ. ಮಿಲ್ಲರ್ ಆ ಜಾಗಕ್ಕೆ ಕ್ಲಾರಿನೆಟ್ ತಂದ. ವಿಲ್ಬರ್ ಶ್ವಾರ್ಟ್ಸ್ ಕ್ಲಾರಿನೆಟ್ಟಿನಲ್ಲಿ ರಾಗದ ಎಳೆ ಹಿಡಿದರೆ, ಒಂದು ಟೆನರ್ ಸ್ಯಾಕ್ಸ್ ಅದೇ ಎಳೆಯನ್ನು ಒಂದು ಸ್ಥಾಯಿ ಕೆಳಗೆ ನುಡಿಸುತ್ತದೆ. ಉಳಿದ ಮೂವರು ಆ ಎರಡರ ನಡುವಿನ ಸ್ಥಾಯಿಯೊಳಗೆ ಸಾಮರಸ್ಯದ ಸ್ವರಗಳನ್ನು ಒತ್ತೊತ್ತಾಗಿ ತುಂಬುತ್ತಾರೆ. ಬರೆಯುವವನಿಗೆ ಇದರಲ್ಲಿ ಒಂದು ಅನುಕೂಲವಿದೆ. ಕ್ಲಾರಿನೆಟ್ಟೂ ಟೆನರೂ ಎರಡೂ ಬಿ-ಫ್ಲಾಟ್ ವಾದ್ಯಗಳು, ಅಂದರೆ ಹಾಳೆಯ ಮೇಲೆ 'ಸಿ' ಎಂದು ಬರೆದದ್ದು ಬಿ-ಫ್ಲಾಟ್ ಆಗಿ ಕೇಳುವ ವಾದ್ಯಗಳಾದ್ದರಿಂದ ಇಬ್ಬರ ಮುಂದೆಯೂ ಒಂದೇ ಸ್ವರಲಿಪಿ ಇಟ್ಟರಾಯಿತು, ಟೆನರ್ ತಾನಾಗಿಯೇ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ.

ಕಾಗದದ ಮೇಲೆ ಇಷ್ಟು ಸುಲಭವಾದದ್ದು ವೇದಿಕೆಯ ಮೇಲೆ ಕೆಡುವುದು ಯಾಕೆ? ಮೊದಲನೆಯದು ಶ್ರುತಿ. ಕ್ಲಾರಿನೆಟ್ಟನ್ನು ಜೋರಾಗಿ ಊದಿದರೆ ಶ್ರುತಿ ಇಳಿಯುತ್ತದೆ, ಮೆಲ್ಲಗೆ ಊದಿದರೆ ಏರುತ್ತದೆ. ಕೆಳಗಿನ ಟೆನರ್ ಕೂದಲೆಳೆಯಷ್ಟು ಆಚೀಚೆ ಆದರೂ ಒಂದು ಸ್ಥಾಯಿಯ ಅಂತರದಲ್ಲಿ ಅದು ಮರೆಯಾಗುವುದಿಲ್ಲ. ಎರಡನೆಯದು ಕಂಪನ. ಶಾಸ್ತ್ರೀಯ ಕ್ಲಾರಿನೆಟ್ ವಾದಕರು ಸ್ವರವನ್ನು ನೇರವಾಗಿ ಹಿಡಿದು ಅಭ್ಯಾಸ ಮಾಡಿದವರು. ಇಲ್ಲಿ ಸ್ಯಾಕ್ಸುಗಳೆಲ್ಲ ಕಂಪಿಸುತ್ತಿರುವಾಗ ಮೇಲೊಂದು ನೇರ ಸ್ವರ ನಿಂತರೆ ಅದು ಸಾಲಿನಿಂದ ಕಿತ್ತುಕೊಂಡು ಬರುತ್ತದೆ. ಐವರ ಕಂಪನವೂ ಒಂದೇ ವೇಗದಲ್ಲಿರಬೇಕು. ಮೂರನೆಯದು ತೂಕ: ಹೊರಗಿನ ಇಬ್ಬರು ತುಸು ಮುಂದೆ, ಒಳಗಿನ ಮೂವರು ತುಸು ಹಿಂದೆ. ಅಂದಿನವರು ಒಂದೆರಡು ಮೈಕುಗಳ ಸುತ್ತ ಕೂತು ಈ ತೂಕವನ್ನು ಉಸಿರಿನಲ್ಲೇ ಸರಿದೂಗಿಸುತ್ತಿದ್ದರು. ಇವತ್ತು ಪ್ರತಿ ವಾದ್ಯದ ಬಾಯಿಗೂ ಒಂದು ಮೈಕ್ ಇಟ್ಟು, ತೂಕದ ಕೆಲಸವನ್ನು ಮಿಕ್ಸರ್ ಮುಂದೆ ಕೂತವನಿಗೆ ಒಪ್ಪಿಸಿ, ಆಮೇಲೆ 'ಆ ಹಳೇ ನಾದ ಬರುತ್ತಿಲ್ಲ' ಎಂದು ಪೇಚಾಡುತ್ತಾರೆ. ಬರುವುದಾದರೂ ಹೇಗೆ?

ಹಿತ್ತಾಳೆ ವಾದ್ಯಗಳ 'ಡೂ-ವಾ' ಸದ್ದಿಗೆ ಬೇಕಾದ ಉಪಕರಣ ಹಾರ್ಡ್‌ವೇರ್ ಅಂಗಡಿಯದು. ಸಿಂಕಿನ ಕೊಳವೆ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲಿನ ಕೋಲು ಕಿತ್ತು, ಎಡಗೈಯಲ್ಲಿ ಹಿಡಿದು ವಾದ್ಯದ ಬಾಯಿ ಮುಚ್ಚಿದರೆ 'ಡೂ', ತೆರೆದರೆ 'ವಾ'. ಎಂಟು ಕೈಗಳೂ ಒಂದೇ ಗಳಿಗೆಯಲ್ಲಿ ತೆರೆಯಬೇಕೆನ್ನುವುದೇ ಇಲ್ಲಿಯ ಸಾಧನೆ.

ಇನ್ನು ಆ ಅರಗಿನ ವಿಷಯ. ಅಂದಿನ 78 ಆರ್‌ಪಿಎಂ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮೋಫೋನ್ ರೆಕಾರ್ಡು, ಅರಗಿನಿಂದ ಆದದ್ದು. ಅರಗಿಗೆ ಕಲ್ಲಿನ ನುಣ್ಣನೆಯ ಪುಡಿ, ಕಪ್ಪಿಗೆ ಮಸಿ, ಬಿಗಿಗೆ ಹತ್ತಿಯ ಎಳೆ ಬೆರೆಸಿ, ಬಿಸಿ ಮಾಡಿ ಅಚ್ಚಿಗೆ ಒತ್ತುತ್ತಿದ್ದರು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ. ಮುತ್ತುಗ, ಸಗಡೆ, ಬೋರೆ ಮರಗಳ ರೆಂಬೆಗಳ ಮೇಲೆ ಒಂದು ಪುಟ್ಟ ಹುಳ ಸುರಿಸುವ ಅಂಟು ಅದು. ಅಮೆರಿಕಕ್ಕೆ ಇದು ಹೋಗುತ್ತಿದ್ದದ್ದು ಮುಖ್ಯವಾಗಿ ಭಾರತದಿಂದ. ಛೋಟಾನಾಗಪುರದ ಕಾಡುಗಳಲ್ಲಿ ಕೊಯ್ದು, ಕಲ್ಕತ್ತದ ಬಂದರಿನಲ್ಲಿ ಹಡಗು ಹತ್ತಿಸಿ. ಯುದ್ಧ ಬಂದು ಸಮುದ್ರದ ದಾರಿ ಅಪಾಯಕ್ಕೀಡಾಯಿತು. ಇದ್ದಬದ್ದ ಅರಗು ಮದ್ದುಗುಂಡುಗಳ ಲೇಪಕ್ಕೆ, ವಿದ್ಯುತ್ ತಂತಿಗಳ ನಿರೋಧಕ್ಕೆ ಬೇಕಾಯಿತು. 1942ರ ಏಪ್ರಿಲಿನಲ್ಲಿ ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳ ಅರಗಿನ ಬಳಕೆಯನ್ನು ಶೇ. 70ರಷ್ಟು ಕಡಿತ ಮಾಡಿತು. ಕಂಪನಿಗಳು ಹಳೆಯ ಪ್ಲೇಟುಗಳನ್ನು ಜನರಿಂದ ವಾಪಸು ಪಡೆದು, ಅರೆದು, ಹೊಸದಕ್ಕೆ ಬೆರೆಸಿದವು. ಯುದ್ಧಕಾಲದ ಕೆಲವು ಪ್ಲೇಟುಗಳಲ್ಲಿ ಸೂಜಿ ಇಟ್ಟೊಡನೆ ಕೇಳುವ ಕರಕರಕ್ಕೆ ಕಾರಣ ಸವೆತವೊಂದೇ ಅಲ್ಲ, ಹುಟ್ಟಿನಿಂದ ಬಂದ ಕಲಬೆರಕೆಯೂ ಹೌದು.

ಅದರ ಹಿಂದೆಯೇ ಮುಷ್ಕರ. ಜೇಮ್ಸ್ ಪೆಟ್ರಿಲ್ಲೊ ನೇತೃತ್ವದ ಸಂಗೀತಗಾರರ ಸಂಘ 1942ರ ಆಗಸ್ಟ್ 1ರಿಂದ ಮುದ್ರಣವನ್ನೇ ನಿಲ್ಲಿಸಿತು. ಡೆಕ್ಕಾ ಕಂಪನಿ 1943ರಲ್ಲಿ ರಾಜಿಗೆ ಬಂತು. ವಿಕ್ಟರ್, ಕೊಲಂಬಿಯಾ ಮಣಿದದ್ದು 1944ರ ನವೆಂಬರಿನಲ್ಲಿ. ಹೀಗೆ ಯುದ್ಧದ ನಟ್ಟನಡುವೆ ಹೊಸ ಪ್ಲೇಟುಗಳೇ ವಿರಳವಾದವು, ಜನ 1939ರಿಂದ 1942ರವರೆಗಿನವನ್ನೇ ತಿರುಗಿಸಿ ತಿರುಗಿಸಿ ಕೇಳಿದರು. ಗಾಯಕರು ಮಾತ್ರ ಈ ಸಂಘಕ್ಕೆ ಸೇರಿದವರಲ್ಲ. ಫ್ರಾಂಕ್ ಸಿನಾತ್ರಾ ವಾದ್ಯಗಳ ಜಾಗದಲ್ಲಿ ಮೇಳಗಾಯಕರನ್ನು ನಿಲ್ಲಿಸಿಕೊಂಡು ಮುದ್ರಿಸಿದ. ಬ್ಯಾಂಡುಗಳ ಕಾಲ ಮುಗಿದು ಗಾಯಕರ ಕಾಲ ಶುರುವಾದುದಕ್ಕೆ ಇದೂ ಒಂದು ಕಾರಣ.

ಸೈನಿಕರಿಗೆ ಬೇರೆಯೇ ಏರ್ಪಾಡಾಯಿತು, ವಿ-ಡಿಸ್ಕ್. ದುಡ್ಡಿಗೆ ಮಾರಬಾರದು, ಯುದ್ಧ ಮುಗಿದ ಮೇಲೆ ಮೂಲ ಅಚ್ಚುಗಳನ್ನು ನಾಶ ಮಾಡಬೇಕು ಎಂಬ ಷರತ್ತಿನ ಮೇಲೆ ಸಂಘ ಇದಕ್ಕೆ ಒಪ್ಪಿಗೆ ಕೊಟ್ಟಿತು. 1943ರ ಅಕ್ಟೋಬರಿನಿಂದ ರವಾನೆ ಶುರು. 12 ಇಂಚು ಅಗಲ, ಅರಗಿನ ಬದಲು ವಿನೈಲ್ ಎಂಬ ಪ್ಲಾಸ್ಟಿಕ್. ಅರಗಿನ ಪ್ಲೇಟು ಕೈಜಾರಿದರೆ ಚೂರು ಚೂರು. ಇದು ಬಿದ್ದರೂ ಒಡೆಯದು. ಗೆರೆಗಳನ್ನು ಒತ್ತಾಗಿ ಕೊರೆದದ್ದರಿಂದ ಒಂದು ಮಗ್ಗುಲಿಗೆ ಸುಮಾರು ಆರು ನಿಮಿಷ ಹಿಡಿಯಿತು. ಮಾಮೂಲಿ 10 ಇಂಚಿನ ಪ್ಲೇಟಿಗೆ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. 'ಇನ್ ದ ಮೂಡ್' ಕೂಡ ಹೀಗೆ ಕತ್ತರಿ ಕಂಡ ಕೃತಿ. ಜೋ ಗಾರ್ಲಂಡ್ ಹೊಂದಿಸಿದ್ದ ಉದ್ದನೆಯ ರೂಪವನ್ನು ಮಿಲ್ಲರ್ ಒಂದು ಮಗ್ಗುಲಿಗೆ ಹಿಡಿಸುವಷ್ಟಕ್ಕೆ ಕತ್ತರಿಸಿದ, ಕೊನೆಯಲ್ಲಿ ಮುಗಿಯಿತೆನ್ನಿಸಿ ಮತ್ತೆ ಮತ್ತೆ ತಗ್ಗಿದ ದನಿಯಲ್ಲಿ ಮರಳುವ ಆಟವನ್ನು ಉಳಿಸಿಕೊಂಡ. ಅದು ಒಳ್ಳೆಯ ಕತ್ತರಿ. ಉದ್ದಕ್ಕೇ ಬಿಟ್ಟಿದ್ದರೆ ಇಷ್ಟು ಹಿಡಿಸುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಮಿಲ್ಲರ್ 1942ರಲ್ಲಿ ಸ್ವಂತ ತಂಡವನ್ನು ವಿಸರ್ಜಿಸಿ ಸೇನೆ ಸೇರಿದ. ಸೇನೆಯಲ್ಲಿ ಪಿಟೀಲುಗಳೂ ಸೇರಿ ಸುಮಾರು 50 ಮಂದಿಯ ತಂಡ ಕಟ್ಟಿ, 1944ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗಿ, ಬೆಡ್‌ಫರ್ಡ್ ಊರಿನಲ್ಲಿ ನೆಲೆ ನಿಂತು ಬಾನುಲಿಗೆ ನುಡಿಸಿದ. ಅದೇ ಡಿಸೆಂಬರ್ 15ರಂದು ಒಂಟಿ ಎಂಜಿನ್ನಿನ ವಿಮಾನದಲ್ಲಿ ಪ್ಯಾರಿಸ್ಸಿಗೆ ಹೊರಟವನು ತಲುಪಲಿಲ್ಲ. ವಿಮಾನವೂ ಸಿಗಲಿಲ್ಲ.

ಆ ವರ್ಷಗಳಲ್ಲಿ, ಅರಗು ಹಡಗು ಹತ್ತುತ್ತಿದ್ದ ಕಲ್ಕತ್ತದಲ್ಲೇ, ಗ್ರ್ಯಾಂಡ್ ಹೋಟೆಲಿನಲ್ಲಿ ಟೆಡ್ಡಿ ವೆದರ್‌ಫರ್ಡ್ ಎಂಬ ಅಮೆರಿಕದ ಕರಿಯ ಪಿಯಾನೊ ವಾದಕ ತಂಡ ನಡೆಸುತ್ತಿದ್ದ. 1945ರಲ್ಲಿ ಕಾಲರಾ ತಗುಲಿ ಅಲ್ಲೇ ತೀರಿಕೊಂಡ. ಬೊಂಬಾಯಿಯಲ್ಲಿ ಗೋವೆಯ ವಾದಕರು ಸ್ವಿಂಗನ್ನು ಕರಗತ ಮಾಡಿಕೊಂಡರು. 'ಚಿಕ್ ಚಾಕೊಲೇಟ್' ಎಂದು ಹೆಸರಾದ ಟ್ರಂಪೆಟ್ ವಾದಕ ಆಂಟೋನಿಯೊ ಷಾವಿಯೆರ್ ವಾಜ್ ಮುಂದೆ ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಜೊತೆ ಕೆಲಸ ಮಾಡಿದ. 1951ರ 'ಅಲ್ಬೇಲಾ' ಚಿತ್ರದ ಹಾಡುಗಳ ಹಿತ್ತಾಳೆ ಸಾಲುಗಳಲ್ಲಿ ಆ ಪಾಠ ಕೇಳಿಸುತ್ತದೆ.

ಕೊನೆಗೆ, ಮನೆಯ ಅಟ್ಟದಲ್ಲಿ ಹಳೆಯ 78 ಪ್ಲೇಟುಗಳು ಇರುವವರಿಗೆ ಒಂದಿಷ್ಟು ಕೆಲಸದ ಮಾತು. ಅರಗಿನ ಪ್ಲೇಟನ್ನು ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಅರಗು ಕರಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಮೃದು ಸೋಪಿನ ದ್ರವ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಗೆರೆಯ ಜಾಡಿನಲ್ಲೇ ಒರೆಸಿ, ನಡುವಿನ ಲೇಬಲ್ಲಿಗೆ ನೀರು ತಾಗದಂತೆ ನೋಡಿಕೊಳ್ಳಿ. ಎಲ್‌ಪಿ ರೆಕಾರ್ಡಿನ ಸೂಜಿ ಇದಕ್ಕೆ ನಡೆಯದು. ಅದು ಗೆರೆಯ ತಳಕ್ಕಿಳಿದು ಧೂಳನ್ನೇ ಓದುತ್ತದೆ. 78ಕ್ಕೆಂದೇ ಮಾಡಿದ, ತುದಿಯ ಅಳತೆ ಸುಮಾರು 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ಇರುವ ಸೂಜಿ ಬೇಕು. ಚಾವಿ ಕೊಡುವ ಗ್ರಾಮೋಫೋನಾದರೆ ಉಕ್ಕಿನ ಸೂಜಿಯನ್ನು ಪ್ರತಿ ಮಗ್ಗುಲಿಗೂ ಬದಲಿಸಿ, ಅಂಥದ್ದರಲ್ಲಿ ವಿನೈಲನ್ನು ಮಾತ್ರ ಹಾಕಬೇಡಿ. ವೇಗ ಶೇ. 6ರಷ್ಟು ತಪ್ಪಿದರೆ ಶ್ರುತಿ ಅರ್ಧ ಸ್ವರ ಜಾರುತ್ತದೆ. 'ಇನ್ ದ ಮೂಡ್' ಎ-ಫ್ಲಾಟ್ ಶ್ರುತಿಯದು, ಹಾರ್ಮೋನಿಯಂ ಜೊತೆ ಹೋಲಿಸಿ ನೋಡಬಹುದು. ಕಂಪ್ಯೂಟರಿಗೆ ಇಳಿಸಿಕೊಳ್ಳುವವರು ಕರಕರ ತೆಗೆಯುವ ಆಸೆಯಲ್ಲಿ ಮೇಲಿನ ಸ್ವರಗಳನ್ನೆಲ್ಲ ಸೋಸಿಬಿಡಬೇಡಿ. ಹೈ-ಹ್ಯಾಟಿನ 2 ಮತ್ತು 4, ಡ್ರಮ್ಮಿನ ಮೇಲೆ ತಂತಿ ಕುಂಚದ ಸವರಾಟ ಎಲ್ಲವೂ ಆ ಕರಕರದ ಪಕ್ಕದಲ್ಲೇ ಇವೆ. ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ. ಧ್ವನಿಯನ್ನು ಸಮ ಮಾಡುವ ಕಂಪ್ರೆಸರನ್ನೂ ಬಿಡಿ, ಇಲ್ಲದಿದ್ದರೆ ಆ ಕೊನೆಯ ತಗ್ಗು ದನಿಯ ಆಟ ಸಪಾಟಾಗಿಬಿಡುತ್ತದೆ.

ನಮಸ್ಕಾರ.