ಬಿಚ್ಚಿ ನೋಡಬಹುದಾದ ಮಿದುಳು

ಕೇಳುಗ ಬಂಧುಗಳಿಗೆ ನಮಸ್ಕಾರ. ಮಿದುಳಿನ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಬದಿಯಡ್ಕದ ಬಳಿಯ ನಮ್ಮ ಮನೆಯಂಗಳ. ಬೇಸಗೆಯಲ್ಲಿ ಅಜ್ಜಿ ಸುಲಿದ ಅಡಿಕೆಯ ಮುಂದೆ ಕುಳಿತು, ಒಳ್ಳೆಯದನ್ನು ಒಂದು ರಾಶಿಗೆ, ಪಟೋರವನ್ನು ಇನ್ನೊಂದಕ್ಕೆ, ಕರಿಗೋಟನ್ನು ಮತ್ತೊಂದಕ್ಕೆ ಹಾಕುತ್ತಿದ್ದರು. ಅವರ ಕೈ ಎಲ್ಲಿಯೂ ತಡೆಯುತ್ತಿರಲಿಲ್ಲ. ಹೇಗೆ ತಿಳಿಯುತ್ತದೆ ಎಂದು ಕೇಳಿದರೆ, "ನೋಡಿರೆ ಗೊಂತಾವುತ್ತು ಪುಳ್ಳೀ" ಎಂಬಷ್ಟೇ ಉತ್ತರ. ನಾನು ತಪ್ಪು ರಾಶಿಗೆ ಹಾಕಿದ ಅಡಿಕೆಯನ್ನು ಅವರು ಮಾತಿಲ್ಲದೆ ಎತ್ತಿ ಸರಿಯಾದ ರಾಶಿಗೆ ಹಾಕುತ್ತಿದ್ದರು. ರಜೆ ಮುಗಿಯುವಷ್ಟರಲ್ಲಿ ಆ ಕೆಲಸ ನನ್ನ ಕೈಗೂ ಹತ್ತಿತು. ಆದರೆ ಕಲಿತದ್ದೇನೆಂದು ಹೇಳಲು ಅವರಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಅದು ಸುಮಾರು 8,600 ಕೋಟಿ ನರಕೋಶಗಳ ನಡುವೆ ಎಲ್ಲೋ ಅಡಗಿತ್ತು.

ಕಂಪ್ಯೂಟರಿನಲ್ಲಿ ಕಟ್ಟುವ ನರಜಾಲವೂ, ಎಂದರೆ ನರಕೋಶಗಳಂತೆ ಒಂದಕ್ಕೊಂದು ಕೊಂಡಿ ಹಾಕಿದ ಪುಟ್ಟ ಲೆಕ್ಕದ ಘಟಕಗಳ ಬಲೆಯೂ, ಹೀಗೆಯೇ ಕಲಿಯುತ್ತದೆ. ಅದಕ್ಕೆ ನಿಯಮವನ್ನು ಯಾರೂ ಹೇಳಿಕೊಡುವುದಿಲ್ಲ; ಪ್ರತಿಯೊಂದು ತಪ್ಪಿಗೂ ಅದರ ಕೊಂಡಿಗಳ ಬಲವನ್ನು ತುಸುತುಸುವೇ ಹೆಚ್ಚುಕಡಿಮೆ ಮಾಡಲಾಗುತ್ತದೆ. ಅಜ್ಜಿಯ ತಲೆಯನ್ನು ಬಿಚ್ಚಿ ನೋಡುವಂತಿಲ್ಲ, ಈ ಜಾಲದ ಪ್ರತಿಯೊಂದು ಕೊಂಡಿಯನ್ನೂ ಬಿಚ್ಚಿ ನೋಡಬಹುದು. ನಾನು ಇಂದು ಹೇಳಬೇಕೆಂದಿರುವುದು ಇದೊಂದನ್ನೇ. ಯಂತ್ರವು ಮನುಷ್ಯನನ್ನು ಮೀರಿಸುವುದೇ ಎಂದು ಹೋದಲ್ಲೆಲ್ಲ ಕೇಳುತ್ತಾರೆ. ದಯವಿಟ್ಟು ಆ ಪ್ರಶ್ನೆಯನ್ನು ಸ್ವಲ್ಪ ಬದಿಗಿಡೋಣ.

ಬೆಕ್ಕಿನ ಮಿದುಳಿನ ದೃಷ್ಟಿಭಾಗದಲ್ಲಿ ನಿರ್ದಿಷ್ಟ ಓರೆಯ ಗೆರೆಗಳಿಗೆ ಮಾತ್ರ ಸ್ಪಂದಿಸುವ ಕೋಶಗಳಿವೆಯೆಂದು ವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ 1959ರಲ್ಲಿ ತೋರಿಸಿದರು. ಆ ತಿಳಿವಳಿಕೆಯನ್ನು ಆಧರಿಸಿ ಜಪಾನಿನ ವಿಜ್ಞಾನಿ ಕುನಿಹಿಕೊ ಫುಕುಶಿಮಾ 1980ರಲ್ಲಿ ಪದರಪದರವಾದ ಜಾಲವೊಂದನ್ನು ಕಟ್ಟಿದರು. ನನಗೆ ಅತ್ಯಂತ ಪ್ರಿಯವಾದದ್ದು 2014ರ ಕೆಲಸ. ಯಾಮಿನ್ಸ್, ಡಿಕಾರ್ಲೊ ಮತ್ತು ಸಂಗಡಿಗರು ಚಿತ್ರದಲ್ಲಿರುವ ವಸ್ತುವನ್ನು ಗುರುತಿಸುವುದನ್ನಷ್ಟೇ ಜಾಲಕ್ಕೆ ಕಲಿಸಿದರು. ಮಿದುಳಿನ ಸಂಗತಿಯನ್ನು ಅದಕ್ಕೆ ತಿಳಿಸಿರಲಿಲ್ಲ. ಬಳಿಕ ಬಿಚ್ಚಿ ನೋಡಿದಾಗ, ಅದರ ಕೊನೆಯ ಪದರದಿಂದ ಮಂಗದ ಮಿದುಳಿನ ದೃಷ್ಟಿಮಾರ್ಗದ ಮೇಲುಹಂತದ ಕೋಶಗಳ ಸ್ಪಂದನವನ್ನೂ, ನಡುವಿನ ಪದರದಿಂದ ನಡುಹಂತದ ಕೋಶಗಳ ಸ್ಪಂದನವನ್ನೂ ಊಹಿಸಬಹುದಾಗಿತ್ತು. ಎಂತಹ ಸೊಗಸು ನೋಡಿ!

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿರುವುದರಿಂದ ನೆನಪಿನ ಮಾದರಿಗಳನ್ನು ಕಟ್ಟಿದ ಹಾಪ್‌ಫೀಲ್ಡರ ಹೆಸರನ್ನಷ್ಟೇ ಹೇಳುತ್ತೇನೆ; 2024ರ ಭೌತಶಾಸ್ತ್ರದ ನೊಬೆಲ್ ಅವರಿಗೂ ನರಜಾಲಗಳ ಕಲಿಕೆಯ ಬಗ್ಗೆ ದುಡಿದ ಹಿಂಟನ್ ಅವರಿಗೂ ಸಂದಿತು. ಇನ್ನೊಂದು ಮಾತು. ಅಡಿಕೆಯನ್ನು ಕಲಿಯಲು ನನಗೆ ನಾಲ್ಕಾರು ಗೋಣಿ ಸಾಕಾಗಿತ್ತು, ಆದರೆ ಚಿತ್ರದಲ್ಲಿರುವ ವಸ್ತುವನ್ನು ಗುರುತಿಸುವ 2012ರ ಪ್ರಸಿದ್ಧ ಜಾಲವೊಂದಕ್ಕೆ ಸುಮಾರು 12 ಲಕ್ಷ ಚಿತ್ರಗಳು ಬೇಕಾದವು. ಈ ಅಂತರ ಎಲ್ಲಿಂದ ಬಂತೆಂದು ಹುಡುಕಲು ಸಂಶೋಧಕರು ಈಗ ಬಿಚ್ಚಿ ನೋಡುತ್ತಿರುವುದೂ ಅದೇ ಜಾಲಗಳನ್ನು. ನಮಸ್ಕಾರ.