ತೂಕದ ಕ್ಯಾಬಿನ್ನಿನಿಂದ ಆಫೀಸಿಗೆ ಎರಡು ಜೊತೆ ತಂತಿ

ಕೇಳುಗರಿಗೆ ನಮಸ್ಕಾರ.

ಮಂಡ್ಯದ ಸುತ್ತಮುತ್ತ ಅಕ್ಕಿ ಗಿರಣಿ, ಹಾಲಿನ ಡೇರಿಗಳಿಗೆ ಏನೂ ಕಮ್ಮಿ ಇಲ್ಲ. ಇಂಥ ಕಡೆಗಳಲ್ಲಿ ಹಳೇ ಕಾಲದ ಒಂದು ಕೇಬಲ್ ಇನ್ನೂ ದಿನಾ ದುಡಿಯುತ್ತಿದೆ. ಲಾರಿ ವೇಬ್ರಿಡ್ಜ್ ಹತ್ತಿದಾಗ ಕೆಂಪು ಅಂಕಿಯ ಡಬ್ಬದಿಂದ ಕಂಪ್ಯೂಟರಿಗೆ ತೂಕ ಮುಟ್ಟಿಸುವುದು ಬಹಳ ಕಡೆ ಅದೇ. ಡೇರಿಯಲ್ಲಿ ಫ್ಯಾಟ್ ನೋಡುವ ಮಿಷಿನ್ನಿಗೂ ಅದೇ. ಸೀರಿಯಲ್ ಕೇಬಲ್ ಅಂತೀವಿ. ಅದರ ಆರ್‌ಎಸ್-232 ಅನ್ನೋ ನಿಯಮ ಅಮೆರಿಕದಲ್ಲಿ 1960ರಲ್ಲೇ ಬಂತು.

ಈ ದಾರಿಯಲ್ಲಿ ಕಂಪ್ಯೂಟರುಗಳನ್ನೂ ಒಂದಕ್ಕೊಂದು ಜೋಡಿಸಬಹುದು. ನಾನು ನೋಡಿಕೊಳ್ಳುವ ಒಂದು ಗಿರಣಿಯಲ್ಲಿ ಇರುವುದೇ ಮೂರು ಕಂಪ್ಯೂಟರು. ತೂಕದ ಕ್ಯಾಬಿನ್ನಿನಲ್ಲಿ ಒಂದು, ಗೋಡೌನಿನಲ್ಲಿ ಒಂದು, ನಡುವೆ ಆಫೀಸಿನದು. ಆಫೀಸಿನದಕ್ಕೆ ಎರಡು ಸೀರಿಯಲ್ ಪೋರ್ಟು, ಒಂದೊಂದು ಕಡೆಗೆ ಒಂದೊಂದು ತಂತಿ. ತಂತಿಯ ಮೇಲೆ ಪಿಪಿಪಿ ಅನ್ನೋ ಪ್ರೋಟೋಕಾಲ್, ಅಂದರೆ ಕಂಪ್ಯೂಟರುಗಳು ಮಾತಾಡೋ ನಿಯಮ, ಓಡುತ್ತದೆ. ಅದಕ್ಕೂ ಮೊದಲು ಸ್ಲಿಪ್ ಅಂತ ಒಂದಿತ್ತು. ದಾರಿಯಲ್ಲಿ ಅಕ್ಷರ ಕೆಟ್ಟರೂ ಅದಕ್ಕೆ ತಿಳಿಯುತ್ತಿರಲಿಲ್ಲ. ಪಿಪಿಪಿ ಪ್ರತಿ ಕಂತನ್ನೂ ತಾಳೆ ನೋಡಿ, ಕೆಟ್ಟದ್ದನ್ನು ಬಿಸಾಕುತ್ತದೆ. ಕ್ಯಾಬಿನ್ನಿನವರು ಗೋಡೌನಿಗೆ ಏನೇ ಕಳಿಸಿದರೂ ಆಫೀಸಿನ ಕಂಪ್ಯೂಟರ್ ದಾಟಿಯೇ ಹೋಗಬೇಕು. ಅದು ಆರಿದರೆ ಆ ಎರಡಕ್ಕೂ ಮಾತಿಲ್ಲ. ಹಾಗಾಗಿ ಕಾಸು ಕಮ್ಮಿ ಇದ್ದು ಒಂದೇ ಯುಪಿಎಸ್ ತರೋದಾದರೆ ಅದನ್ನು ಮಾಲೀಕರ ಟೇಬಲ್ಲಿಗೆ ಕೊಡಬೇಡಿ, ಈ ನಡುವಿನ ಕಂಪ್ಯೂಟರಿಗೆ ಕೊಡಿ.

ತೀರಾ ನಿಧಾನ ಅಲ್ವಾ ಅಂತ ಕೇಳ್ತೀರಿ. ನಿಧಾನವೇ. 9600 ಸ್ಪೀಡು ಅಂದರೆ ಸೆಕೆಂಡಿಗೆ 9600 ಬಿಟ್; ಅಕ್ಷರಕ್ಕೆ ಹತ್ತು ಬಿಟ್ ಲೆಕ್ಕದಲ್ಲಿ ಸೆಕೆಂಡಿಗೆ 960 ಅಕ್ಷರ ಹೋಗುತ್ತವೆ. ಆದರೆ ತೂಕದ ಚೀಟಿಯಲ್ಲಿ ಇರುವುದಾದರೂ ಏನು? ಲಾರಿ ನಂಬರು, ಹೊತ್ತು, ತೂಕ. ನೂರು ಅಕ್ಷರವಾದರೆ ಜಾಸ್ತಿ. ಡ್ರೈವರ್ ಬ್ರೇಕಿನಿಂದ ಕಾಲು ತೆಗೆಯೋದರೊಳಗೆ ಚೀಟಿ ಆಫೀಸಿನಲ್ಲಿರುತ್ತದೆ.

ಕೆಟ್ಟಾಗ ಏನು ಮಾಡೋದು? ಈ ತಂತಿ ನನಗೆ ಇಷ್ಟವಾಗೋದೇ ಇಲ್ಲಿ. ಎಲ್ಲಿ ತಪ್ಪಿದೆ ಅಂತ ಇದು ತಾನೇ ಹೇಳುತ್ತದೆ. ಕ್ಯಾಬಿನ್ ಹುಡುಗ ಫೋನ್ ಮಾಡಿ "ಅಣ್ಣಾ, ತೂಕದ ಬದಲು ಏನೇನೋ ಚಿಹ್ನೆ ಬರ್ತಿದೆ" ಅಂದರೆ ಬಹುಮಟ್ಟಿಗೆ ತಂತಿ ಸರಿಯಿದೆ, ಎರಡು ತುದಿಯ ಸ್ಪೀಡು ಹೊಂದಿಲ್ಲ. ಒಂದು ಕಡೆ 9600, ಇನ್ನೊಂದು ಕಡೆ 4800 ಇದ್ದೀತು. ಶುರುವಿನಲ್ಲಿ ಚೆನ್ನಾಗಿ ಬಂದು ದೊಡ್ಡ ಫೈಲಿನ ನಡುವೆ ಅಕ್ಷರ ಉದುರಿದರೆ, ಒಂದು ಕಡೆ "ತಡಿ" ಅಂದದ್ದು ಇನ್ನೊಂದು ಕಡೆಗೆ ಕೇಳಿಸುತ್ತಿಲ್ಲ. ಫ್ಲೋ ಕಂಟ್ರೋಲ್ ನೋಡಿ. ಏನೂ ಬರುತ್ತಿಲ್ಲ ಅಂದರೆ ಪೋರ್ಟನ್ನೇ ಪರೀಕ್ಷೆ ಮಾಡಬೇಕು. ಕೇಬಲ್ ಬಿಚ್ಚಿ. ಒಂಬತ್ತು ಪಿನ್ನಿನ ಪೋರ್ಟಿನಲ್ಲಿ 2 ಮತ್ತು 3ನೇ ಪಿನ್ನಿಗೆ ಒಂದು ತುಂಡು ತಂತಿ ಮುಟ್ಟಿಸಿ ಹಿಡಿಯಿರಿ. ಪೋರ್ಟಿಗೆ ಅಕ್ಷರ ಕಳಿಸೋ ಟರ್ಮಿನಲ್ ಪ್ರೋಗ್ರಾಂ ತೆರೆದು, ಫ್ಲೋ ಕಂಟ್ರೋಲ್ ತೆಗೆದು, ಕೀಬೋರ್ಡಿನಲ್ಲಿ ಏನಾದರೂ ಒತ್ತಿ. ಒತ್ತಿದ್ದೇ ವಾಪಸ್ ಬಂದರೆ ಪೋರ್ಟು ಬದುಕಿದೆ, ಕೇಬಲ್ಲನ್ನು ಅನುಮಾನಿಸಿ. ಎರಡು ಕಂಪ್ಯೂಟರಿನ ನಡುವಿನ ಕೇಬಲ್ಲಿನಲ್ಲಿ ಈ ಎರಡು ತಂತಿ ಅದಲುಬದಲಾಗಿರಬೇಕು. ಇವನು ಹೇಳುವ ಪಿನ್ನು ಅವನು ಕೇಳುವ ಪಿನ್ನಿಗೆ ಹೋಗಬೇಕಲ್ಲ! ಅಂಗಡಿಯಲ್ಲಿ ಸುಮ್ನೆ "ಸೀರಿಯಲ್ ಕೇಬಲ್ ಕೊಡಿ" ಅಂದರೆ ನೇರದ್ದು ಸಿಗೋ ಸಾಧ್ಯತೆಯೇ ಜಾಸ್ತಿ. ನಲ್ ಮೋಡೆಮ್ ಕೇಬಲ್ ಅಂತ ಕೇಳಿ.

ಇದೆಲ್ಲ ಸಣ್ಣ ತೊಂದರೆ. ದೊಡ್ಡದು ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಬರುತ್ತದೆ. ಕ್ಯಾಬಿನ್ನಿನ ಅರ್ಥಿಂಗ್ ಬೇರೆ, ಆಫೀಸಿನದು ಬೇರೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಆ ಎರಡು ಅರ್ಥಿನ ನಡುವೆ ಒಮ್ಮೆಲೇ ಭಾರೀ ವೋಲ್ಟೇಜ್ ಏಳುತ್ತದೆ. ಕೇಬಲ್ಲಿನ ಗ್ರೌಂಡ್ ತಂತಿ ಎರಡನ್ನೂ ಜೋಡಿಸಿದೆಯಲ್ಲ, ಎಲ್ಲವೂ ಅದರ ಮೇಲೆಯೇ ನುಗ್ಗುತ್ತದೆ. ಪೋರ್ಟಿನ ಚಿಪ್ಪು ಸುಟ್ಟು ಹೋಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಹೊಸದರಂತೆ ಕಾಣುತ್ತದೆ, ಅದೇ ಪೀಕಲಾಟ. ಗಿರಣಿಯಲ್ಲಿ ಮೊದಲು ತಂತಿ ಎಳೆದವರು ಆರ್‌ಎಸ್-232 ಕೇಬಲ್ಲನ್ನೇ ಅಂಗಳದುದ್ದಕ್ಕೂ ಎಳೆದು ಹೋಗಿದ್ದರು. ಆದರೆ ಅದನ್ನು ನಂಬಬಹುದಾದದ್ದು ಹೆಚ್ಚುಕಮ್ಮಿ 15 ಮೀಟರಿನ ತನಕ ಮಾತ್ರ. ಈಗ ಎರಡು ತುದಿಗೂ ಆರ್‌ಎಸ್-422 ಅನ್ನೋ, ದೂರಕ್ಕೆ ತಕ್ಕ ಇನ್ನೊಂದು ನಿಯಮದ ಕನ್ವರ್ಟರ್ ಹಾಕಿದ್ದೇವೆ. ಹೋಗಲು ಒಂದು ಜೊತೆ, ಬರಲು ಒಂದು ಜೊತೆ, ಹೆಣೆದ ತಂತಿ. ನಮ್ಮ ಸ್ಪೀಡಿಗೆ 1200 ಮೀಟರ್ ತನಕ ತಾಳುತ್ತದೆ. ಕನ್ವರ್ಟರ್ ಕೊಳ್ಳುವಾಗ ಐಸೊಲೇಷನ್, ಅಂದರೆ ಎರಡು ಕಡೆಯ ನಡುವೆ ನೇರ ವಿದ್ಯುತ್ ಸಂಪರ್ಕವಿಲ್ಲದ ಏರ್ಪಾಡು, ಇರುವುದನ್ನೇ ಕೊಳ್ಳಿ. ಒಳಗೆ ಸಂಕೇತ ಬೆಳಕಾಗಿ ದಾಟುವ ಬಗೆಯದೂ ಸಿಗುತ್ತದೆ. ಎರಡು ಅರ್ಥ್ ಒಂದನ್ನೊಂದು ಮುಟ್ಟೋದಿಲ್ಲ. ಸಿಡಿಲು ನೇರ ಬಡಿದರೆ ಯಾವುದೂ ಉಳಿಯಲ್ಲ, ಅದು ಬೇರೆ ಮಾತು.

ಹೊಸ ಕಂಪ್ಯೂಟರುಗಳಲ್ಲಿ ಈ ಪೋರ್ಟೇ ಇರೋದಿಲ್ಲ, ಯುಎಸ್‌ಬಿ ಕನ್ವರ್ಟರ್ ಸಿಕ್ಕಿಸುತ್ತೇವೆ. ಎರಡು ಸಿಕ್ಕಿಸಿದರೆ ಕರೆಂಟ್ ಹೋಗಿ ಬಂದಮೇಲೆ ಅವುಗಳ ನಂಬರು ಅದಲುಬದಲಾಗಬಹುದು. ಗೋಡೌನಿನ ಲೈನಿನಲ್ಲಿ ಕ್ಯಾಬಿನ್ನಿಗೆ ಕಾಯುತ್ತಾ ಕೂತರೆ ಯಾರು ಉತ್ತರ ಕೊಡಬೇಕು? ಲಿನಕ್ಸ್ ಆದರೆ ನಂಬರು ಬಿಟ್ಟು ಕನ್ವರ್ಟರಿನ ಸೀರಿಯಲ್ ಸಂಖ್ಯೆಯಿಂದ ಗುರುತಿಸೋ ಹಾಗೆ ಬರೆದಿಡಿ. ತೀರಾ ಅಗ್ಗದವಕ್ಕೆ ಆ ಸಂಖ್ಯೆಯೇ ಇರೋದಿಲ್ಲ, ನೋಡಿ ತಗೊಳ್ಳಿ.

ಮಾಲೀಕರು ಈಗ ಪ್ರತಿ ಲಾರಿಯ ಫೋಟೋನೂ ಆಫೀಸಿಗೆ ಬರಲಿ ಅಂತಿದ್ದಾರೆ. ಅದು ಈ ತಂತಿಯ ಕೆಲಸ ಅಲ್ಲ. ಒಂದು ಎಂಬಿ ಫೋಟೋಗೆ 9600 ಸ್ಪೀಡಿನಲ್ಲಿ 18 ನಿಮಿಷ ಬೇಕು, ಅಷ್ಟರಲ್ಲಿ ಗೇಟಿನಲ್ಲಿ ಲಾರಿಗಳ ಸಾಲೇ ನಿಲ್ಲುತ್ತದೆ. ಫೈಬರ್ ಎಳೆಸಿ ಅಂತ ಹೇಳಿದ್ದೇನೆ. ಒಳಗೆ ಲೋಹದ ಹೊದಿಕೆ ಇಲ್ಲದ ಬಗೆಯದೇ ಬೇಕು. ಗಾಜಿನಲ್ಲಿ ಕರೆಂಟ್ ಹರಿಯದ ಕಾರಣ ಅರ್ಥಿಂಗ್ ಕಾಟವೂ ತಪ್ಪುತ್ತದೆ. ವೇಬ್ರಿಡ್ಜ್ ಡಬ್ಬದಿಂದ ಕ್ಯಾಬಿನ್ ಕಂಪ್ಯೂಟರಿನ ತನಕದ ಗಿಡ್ಡ ಸೀರಿಯಲ್ ಕೇಬಲ್ ಮಾತ್ರ ಹಾಗೇ ಇರುತ್ತದೆ. ಆ ಡಬ್ಬಕ್ಕೆ ಬೇರೆ ಭಾಷೆ ಬರಲ್ಲ.

ನಮಸ್ಕಾರ.